ಗಾಂಧಿ ಕ್ಲಾಸಿನಿಂದ: ಕ್ಲಿಪ್ಪು ಎಲ್ಲಿಂದ ತಂದೆ ತಮ್ಮಾ?



ಈ ವಾರ ಗಾಸಿಪ್ ಇಲ್ಲ. ಯಾವ ನಾಯಕಿ ಯಾವ ಕಾರಿನಲ್ಲಿ ಬಂದಿಳಿದಳು, ಯಾವ ಮುಹೂರ್ತದಲ್ಲಿ ಯಾರು ಯಾರ ಮುಖ ನೋಡಲಿಲ್ಲ, ಅದೆಲ್ಲ ಮುಂದಿನ ವಾರಕ್ಕಿರಲಿ. ಈ ಸಲದ ಅಂಚೆಯಲ್ಲಿ ಬಂದ ಒಂದು ಕಾಗದ ನನ್ನ ನಿದ್ದೆ ಕೆಡಿಸಿದೆ. ಅದಕ್ಕೆ ಉತ್ತರ ಕೊಡದೆ ಬೇರೆ ಬರೆಯಲು ಕೈಯೇ ಓಡುತ್ತಿಲ್ಲ.

ಬರೆದವನು ತುಮಕೂರು ಜಿಲ್ಲೆಯ ಹುಡುಗ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾನೆ, ಹಾಕುವುದಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಕೆಲಸ. ರಾತ್ರಿ ಒಂಬತ್ತಕ್ಕೆ ಷಟರ್ ಎಳೆದು ಮನೆಗೆ ಹೋಗಿ, ಉಂಡು, ಆಮೇಲೆ ಫೋನಿನಲ್ಲೇ ಸಿನಿಮಾ ತುಣುಕು ಕತ್ತರಿಸಿ ಹಾಡಿಗೆ ಕೂರಿಸುವುದು ಅವನ ಹುಚ್ಚು. ನಾಲ್ಕು ವರ್ಷದಿಂದ ಒಂದು ಯೂಟ್ಯೂಬ್ ಚಾನೆಲ್ ಸಾಕಿಕೊಂಡು ಬಂದಿದ್ದ. ತನ್ನ ಹೀರೋ ಹುಟ್ಟುಹಬ್ಬಕ್ಕೆಂದು ಈ ಸಲ ಹದಿನಾಲ್ಕು ಚಿತ್ರಗಳ ದೃಶ್ಯ ತೆಗೆದು, ಒಂದೇ ಹಾಡಿಗೆ ಹೊಂದಿಸಿ, ನಾಲ್ಕು ನಿಮಿಷದ ವಿಡಿಯೋ ಮಾಡಿ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಬಿಟ್ಟ. ಬೆಳಗಾಗುವಷ್ಟರಲ್ಲಿ ಊರ ಹುಡುಗರ ಸ್ಟೇಟಸ್ಸಿನಲ್ಲೆಲ್ಲ ಅದೇ! ಮೂರನೆಯ ದಿನ ಅದಕ್ಕೊಂದು ಸ್ಟ್ರೈಕ್ ಬಿತ್ತು. ಹಿಂದೆಯೇ ಹಳೆಯ ಎರಡು ವಿಡಿಯೋಗಳಿಗೂ ಬಿತ್ತು. ಮೂರು ಸ್ಟ್ರೈಕು, ಚಾನೆಲ್ ಮಾಯ. ಇದು ಸಾಲದೆಂಬಂತೆ ಒಂದು ಫೋನು: ನಾನು ಕಂಪನಿ ಕಡೆಯವನು, ಸಂಜೆಯೊಳಗೆ ನಲವತ್ತು ಸಾವಿರ ಹಾಕು, ಇಲ್ಲದಿದ್ದರೆ ನಿನ್ನ ಮೇಲೆ ಎಫ್‌ಐಆರ್ ಅಂತ. ಹುಡುಗನ ತಿಂಗಳ ಸಂಬಳ ಹನ್ನೆರಡು ಸಾವಿರ. ಅಪ್ಪನಿಗೆ ಇನ್ನೂ ಹೇಳಿಲ್ಲ.

'ಅಣ್ಣಾ, ನಾನು ಇದರಲ್ಲಿ ಒಂದು ಪೈಸೆ ಮಾಡಿಲ್ಲ. ಅಭಿಮಾನಕ್ಕೆ ಮಾಡಿದ್ದು. ನಾನು ಕಳ್ಳನಾ?' ಎಂದು ಕೇಳಿದ್ದಾನೆ.

ಕಾಗದದ ಹಿಂಬದಿಯಲ್ಲಿ ಯಾವ ದೃಶ್ಯ ಎಲ್ಲಿಂದ ತಂದದ್ದು ಎಂಬ ಲೆಕ್ಕವನ್ನೂ ಬರೆದಿದ್ದಾನೆ. ಒಂಬತ್ತು ಚಿತ್ರದ್ದು ಯೂಟ್ಯೂಬಿನ ಟ್ರೈಲರು, ಹಾಡುಗಳಿಂದ ಇಳಿಸಿದ್ದು. ಎರಡು ಓಟಿಟಿಯಿಂದ ಸ್ಕ್ರೀನ್ ರೆಕಾರ್ಡ್. ಎರಡು ಟೆಲಿಗ್ರಾಂ ಗುಂಪಿನಿಂದ. ಉಳಿದ ಒಂದು, ಹೊಸ ಚಿತ್ರದ ಹೀರೋ ಎಂಟ್ರಿ, ಮೊದಲ ದಿನ ಮೊದಲ ಆಟದಲ್ಲಿ ತಾನೇ ಫೋನ್ ಎತ್ತಿ ಹಿಡಿದು ತೆಗೆದದ್ದು.

ಪ್ರಾಮಾಣಿಕ ಹುಡುಗ. ಈ ಲೆಕ್ಕ ನೋಡಿದ ಮೇಲೇ ನನಗೆ ಉತ್ತರ ಹೊಳೆದದ್ದು. ಎಷ್ಟು ಸೆಕೆಂಡು, ದುಡ್ಡು ಮಾಡಿದೆಯಾ ಇಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು: ಕ್ಲಿಪ್ಪು ಎಲ್ಲಿಂದ ತಂದೆ ತಮ್ಮಾ?

ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ನಾವೂ ಮಾಡಿದವರೇ. ನಮ್ಮೂರ ಟಾಕೀಸಿನಲ್ಲಿ ರೀಲು ತುಂಡಾದಾಗ ಆಪರೇಟರ್ ಕತ್ತರಿಸಿ ಅಂಟಿಸುತ್ತಿದ್ದರು. ಕತ್ತರಿಸಿದ ಚೂರು ಕ್ಯಾಬಿನ್ ಕಿಟಕಿಯ ಕೆಳಗೆ ಬೀಳುತ್ತಿತ್ತು. ಅದಕ್ಕಾಗಿ ನಾವು ಹುಡುಗರು ಕಾದು ನಿಂತಿರುತ್ತಿದ್ದೆವು. ಒಂದು ಕಟ್ಟು ಬೀಡಿ ತಂದುಕೊಟ್ಟರೆ ಹೀರೋ ಮುಖ ಇರುವ ಚೂರೇ ಸಿಗುತ್ತಿತ್ತು. ಸುಟ್ಟುಹೋದ ಬಲ್ಬಿನ ಒಳಗಿನದನ್ನು ತೆಗೆದು ನೀರು ತುಂಬಿ, ಅಂಗಳದಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ಕತ್ತಲ ಕೋಣೆಯಲ್ಲಿ ಅಪ್ಪನ ಪಂಚೆಯ ಮೇಲೆ ಆ ಚಿತ್ರ ಬಿಡುತ್ತಿದ್ದೆವು. ಚಿತ್ರ ಅಲ್ಲಾಡುತ್ತಿರಲಿಲ್ಲ, ಹಾಡು ನಾವೇ ಹಾಡುತ್ತಿದ್ದೆವು. ಅದೂ ಒಂದು ಫ್ಯಾನ್ ವಿಡಿಯೋ ಅಲ್ಲದೆ ಇನ್ನೇನು!

ಇದು ನಮ್ಮೂರ ಹುಚ್ಚು ಮಾತ್ರ ಎಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದಲ್ಲಿ 1975ರಲ್ಲಿ ಕ್ಯಾಂಡಿ ಫಾಂಗ್ ಎಂಬ ಅಭಿಮಾನಿ ಹೆಣ್ಣುಮಗಳು 'ಸ್ಟಾರ್ ಟ್ರೆಕ್' ಧಾರಾವಾಹಿಯ ಸ್ಲೈಡುಗಳನ್ನು ಒಂದು ಹಾಡಿಗೆ ಸರಿಯಾಗಿ ಬದಲಾಯಿಸುತ್ತ ಅಭಿಮಾನಿಗಳ ಕೂಟದಲ್ಲಿ ತೋರಿಸಿದಳು. ಇಂದಿನ ಫ್ಯಾನ್ ವಿಡಿಯೋಗಳ ಅಜ್ಜಿ ಅದೇ ಎಂದು ಬಲ್ಲವರು ಹೇಳುತ್ತಾರೆ. ಆಮೇಲೆ ಅಲ್ಲಿನ ಹೆಂಗಸರು ಎರಡೆರಡು ವಿ.ಸಿ.ಆರ್. ಇಟ್ಟುಕೊಂಡು ಅದೇ ಕೆಲಸ ಮುಂದುವರಿಸಿದರು.

ನಮ್ಮ ಬೀಡಿ ವ್ಯವಹಾರವೂ ಕಾನೂನಿಗೆ ಸರಿಯಿರಲಿಲ್ಲ. ಪ್ರಿಂಟು ಆಪರೇಟರಿನದಲ್ಲ, ಡಿಸ್ಟ್ರಿಬ್ಯೂಟರ್ ಪೆಟ್ಟಿಯಲ್ಲಿ ಕಳಿಸಿದ್ದು. ಆದರೆ ನಮ್ಮ ಪ್ರದರ್ಶನ ಪಂಚೆ ದಾಟಿ ಹೋಗುತ್ತಿರಲಿಲ್ಲ. ನಿನ್ನದು ಒಂದು ನಿಮಿಷದಲ್ಲಿ ದುಬೈ ಮುಟ್ಟುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಕಾನೂನಿಗೆ ಅದೇ ದೊಡ್ಡ ವ್ಯತ್ಯಾಸ.

ಈಗ ಕಾನೂನಿಗೆ ಬರೋಣ. ನಾನು ವಕೀಲನಲ್ಲ. ಗಾಂಧಿನಗರದ ಹೋಟೆಲಿನಲ್ಲಿ ವಕೀಲ ಮಿತ್ರರೊಬ್ಬರನ್ನು ಕೂರಿಸಿಕೊಂಡು ಮೂರು ಕಾಫಿ ಖರ್ಚು ಮಾಡಿ ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದು. ಆ ಕಾಯ್ದೆಯ ಕಣ್ಣಿಗೆ ಸಿನಿಮಾದ ಒಡೆಯ ನಿರ್ಮಾಪಕ, ಇಲ್ಲವೇ ಅವನಿಂದ ಹಕ್ಕು ಕೊಂಡವನು. ಹೀರೋ ಅಲ್ಲ, ನಿರ್ದೇಶಕನೂ ಅಲ್ಲ! ನಮ್ಮ ಹುಡುಗರು ಎಡವುವುದು ಇಲ್ಲೇ. 'ಬಾಸೇ ನಮ್ಮ ವಿಡಿಯೋ ಶೇರ್ ಮಾಡಿದ್ರು, ಇನ್ನು ಯಾರು ಕೇಳ್ತಾರೆ' ಅನ್ನುತ್ತಾರೆ. ಬಾಸ್ ಶೇರ್ ಮಾಡಿದ್ದು ಅವರ ದೊಡ್ಡತನ. ಆದರೆ ಆ ದೃಶ್ಯ ಕೊಡಲು ಅವರಿಗೇ ಹಕ್ಕಿಲ್ಲದಿರಬಹುದು. ಚಿತ್ರದ ನಕಲು ಮಾಡುವ, ಜನರಿಗೆ ತಲುಪಿಸುವ ಹಕ್ಕು ಒಡೆಯನದು. ನಕಲು ಎಂದರೆ ಇಡೀ ಚಿತ್ರವೇ ಆಗಬೇಕಿಲ್ಲ. ಚಿತ್ರದೊಳಗಿನ ಒಂದು ಬಿಂಬದ ಫೋಟೋ ಕೂಡ ಅದರಲ್ಲಿ ಸೇರುತ್ತದೆ ಎಂದು ಕಾಯ್ದೆಯಲ್ಲೇ ಬರೆದಿದೆ.

'ಹತ್ತು ಸೆಕೆಂಡಿನ ಒಳಗಿದ್ದರೆ ಪರವಾಗಿಲ್ಲ', 'ಮೂವತ್ತು ಸೆಕೆಂಡಿನವರೆಗೆ ಫ್ರೀ' ಎಂಬ ಮಾತು ನಿನ್ನ ಕಿವಿಗೂ ಬಿದ್ದಿರುತ್ತದೆ. ಯಾರು ಹುಟ್ಟಿಸಿದರೋ ಆ ಪುಣ್ಯಾತ್ಮ! ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕ ಎಲ್ಲಿಯೂ ಇಲ್ಲ. ನಂಬದಿದ್ದರೆ ನಯನತಾರಾ ಪ್ರಕರಣ ನೆನಪು ಮಾಡಿಕೋ. 2024ರ ನವೆಂಬರಿನಲ್ಲಿ ಆಕೆಯ ಜೀವನದ ಸಾಕ್ಷ್ಯಚಿತ್ರ ನೆಟ್‌ಫ್ಲಿಕ್ಸಿನಲ್ಲಿ ಬಂತು. ಅದರಲ್ಲಿ 2015ರ 'ನಾನುಂ ರೌಡಿ ಧಾನ್' ಚಿತ್ರದ ಸೆಟ್ಟಿನದೊಂದು ತುಣುಕು ಇತ್ತು. ಆ ಚಿತ್ರದ ನಿರ್ಮಾಪಕ ಧನುಷ್. ಮೂರು ಸೆಕೆಂಡಿನ ತುಣುಕಿಗೆ ಹತ್ತು ಕೋಟಿ ಕೇಳುತ್ತಿದ್ದಾರೆ ಎಂದು ನಯನತಾರಾ ಬಹಿರಂಗ ಪತ್ರವನ್ನೇ ಬರೆದರು. ಅದು ನಮ್ಮವರೇ ಫೋನಿನಲ್ಲಿ ತೆಗೆದದ್ದು ಎನ್ನುವುದು ಅವರ ವಾದ. ನನ್ನ ಚಿತ್ರದ ಸೆಟ್ಟು, ಹಕ್ಕು ನನ್ನದು ಎನ್ನುವುದು ಇವರ ವಾದ. ಧನುಷ್ ಅವರ ಕಂಪನಿ ಮದರಾಸು ಹೈಕೋರ್ಟಿನ ಮೆಟ್ಟಿಲು ಹತ್ತಿತು. ಯಾರದು ಸರಿ ಎಂದು ತೀರ್ಪು ಕೊಡಲು ನಾನು ಯಾರು? ಅಷ್ಟು ದೊಡ್ಡ ನಾಯಕಿ, ತಾನೇ ನಟಿಸಿದ ಚಿತ್ರ, ಮೂರೇ ಸೆಕೆಂಡು. ಅವರಿಗೇ ಹೀಗಾದರೆ ನಾಲ್ಕು ನಿಮಿಷದ ನಿನ್ನ ಗತಿ ಏನು, ಯೋಚಿಸು.

ಇನ್ನು ಹಾಡು. ದೃಶ್ಯದ ಒಡೆಯ ಬೇರೆ, ಹಾಡಿನ ಒಡೆಯ ಬೇರೆ. ಒಬ್ಬರು ಸುಮ್ಮನಿದ್ದರೂ ಇನ್ನೊಬ್ಬರು ಹಿಡಿಯಬಹುದು. 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದದ್ದು ಕೇಳು. ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ಪ್ರಚಾರದ ವಿಡಿಯೋದಲ್ಲಿ 'ಕೆ.ಜಿ.ಎಫ್. ಚಾಪ್ಟರ್ 2'ರ ಹಿಂದಿ ಹಾಡು ಕೂರಿಸಿದ್ದರು. ನಡೆಯುವ ಜನ ಅವರವರೇ, ಅಂದರೆ ದೃಶ್ಯ ಅವರದೇ. ಆದರೆ ಹಿಂದಿ ಹಾಡಿನ ಹಕ್ಕು ಎಂ.ಆರ್.ಟಿ. ಮ್ಯೂಸಿಕ್ ಕಂಪನಿಯದು. ಯಶವಂತಪುರ ಠಾಣೆಯಲ್ಲಿ ದೂರು ದಾಖಲಾಯಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು! ಮರುದಿನವೇ ಹೈಕೋರ್ಟು ಆ ಆದೇಶವನ್ನು ತೆಗೆಯಿತು, ಆದರೆ ಆ ತುಣುಕುಗಳನ್ನು ಕಿತ್ತುಹಾಕಬೇಕೆಂಬ ಷರತ್ತಿನ ಮೇಲೆ. ಪೊಲೀಸ್ ಪ್ರಕರಣವನ್ನು ರದ್ದು ಮಾಡಿ ಎಂದು ಕೇಳಿದಾಗ 2023ರಲ್ಲಿ ಹೈಕೋರ್ಟು ಒಪ್ಪಲಿಲ್ಲ. ದೇಶದ ಅಷ್ಟು ಹಳೆಯ ಪಕ್ಷಕ್ಕೆ, ಅಷ್ಟು ವಕೀಲರನ್ನು ಇಟ್ಟುಕೊಂಡವರಿಗೆ ಬಂದ ಗತಿ ಇದು. ರಾಜಕೀಯ ನಮಗೆ ಬೇಡ, ಹಾಡಿನ ಪಾಠ ಸಾಕು.

ಹಾಗಾದರೆ ಎಳ್ಳಷ್ಟೂ ರಿಯಾಯಿತಿ ಇಲ್ಲವೇ? ಸ್ವಲ್ಪ ಇದೆ. ನಮ್ಮ ಬೆಂಗಳೂರಿನ ಹುಡುಗಿ ವಸುಂಧರಾ ದಾಸ್ ಗೊತ್ತಲ್ಲ, ಗಾಯಕಿ? ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಆಕೆ ತಾನೇ ಹಿಂದೆ ಹಾಡಿದ್ದ ಚಿತ್ರಗೀತೆಗಳ ತುಣುಕುಗಳನ್ನು ಹಾಡಿದರು. ಹಿನ್ನೆಲೆಯಲ್ಲಿ ಆ ಚಿತ್ರಗಳ ದೃಶ್ಯ ಓಡುತ್ತಿತ್ತು. ಯಶ್‌ರಾಜ್ ಫಿಲ್ಮ್ಸ್‌ನವರು ಇಂಡಿಯಾ ಟಿ.ವಿ. ಮೇಲೆ ದಾವೆ ಹೂಡಿದರು. 2012ರಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿದ್ದೇನೆಂದರೆ, ತೀರಾ ಕ್ಷುಲ್ಲಕವಾದದ್ದಕ್ಕೆ ಕಾನೂನು ತಲೆ ಕೆಡಿಸಿಕೊಳ್ಳುವುದಿಲ್ಲ. ಎಷ್ಟು ನಷ್ಟ, ಏನು ಉದ್ದೇಶ ಎಂಬುದನ್ನೂ ನೋಡಬೇಕು. ಗಾಯಕಿ ನಾಲ್ಕು ಸಾಲು ಹಾಡಿದ್ದಕ್ಕೆ ರಿಯಾಯಿತಿ ಸಿಕ್ಕಿತು. ಆದರೆ ಸಿನಿಮಾ ದೃಶ್ಯವನ್ನು ಅನುಮತಿ ಇಲ್ಲದೆ ಬಿತ್ತರಿಸಬಾರದು ಎಂಬ ನಿರ್ಬಂಧ ಹಾಗೇ ಉಳಿಯಿತು. ನೋಡಿದೆಯಾ? ಬಾಯಲ್ಲಿ ಹಾಡಿದರೆ ಕರುಣೆ, ದೃಶ್ಯ ಎತ್ತಿದರೆ ಇಲ್ಲ.

ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಒಂದಷ್ಟು ವಿನಾಯಿತಿ ಬರೆದಿದ್ದಾರೆ. ಖಾಸಗಿ, ಸ್ವಂತ ಉಪಯೋಗ. ವಿಮರ್ಶೆ, ಟೀಕೆ. ಪ್ರಚಲಿತ ಸುದ್ದಿಯ ವರದಿ. ಇವಕ್ಕೆ ನ್ಯಾಯವಾದ ಪ್ರಮಾಣದಲ್ಲಿ ಬಳಸಿದರೆ ತಪ್ಪಲ್ಲ. ಅಭಿಮಾನ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. 'ಈ ಚಿತ್ರದಲ್ಲಿ ನನ್ನ ಹೀರೋ ಕಣ್ಣಲ್ಲೇ ಹೇಗೆ ನಟಿಸಿದ ನೋಡಿ' ಎಂದು ನೀನು ಮಾತಾಡಿ, ಬೇಕಾದಷ್ಟೇ ತುಣುಕು ತೋರಿಸಿದರೆ ಅದು ವಿಮರ್ಶೆ ಎಂದು ವಾದಿಸಲು ದಾರಿ ಇದೆ. ಬರೀ ಹಾಡು, ಬರೀ ಸ್ಲೋಮೋಷನ್, ಕೊನೆಯಲ್ಲಿ 'ಜೈ ಬಾಸ್' ಎಂದು ಅಕ್ಷರ ಹಾಕಿದರೆ ವಕೀಲನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಈಗ ನಿನ್ನ ಹದಿನಾಲ್ಕರ ಲೆಕ್ಕ ತೆಗೆಯೋಣ. ಕೆಟ್ಟದರಿಂದಲೇ ಶುರು ಮಾಡುತ್ತೇನೆ.

ಥಿಯೇಟರಿನಲ್ಲಿ ತೆಗೆದೆಯಲ್ಲ, ಆ ಒಂದೇ ತುಣುಕು ಉಳಿದ ಹದಿಮೂರಕ್ಕಿಂತ ಅಪಾಯ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದರು. ಚಿತ್ರಮಂದಿರದಲ್ಲಿ ಚಿತ್ರದ ಅಥವಾ ಅದರ ಒಂದು ಭಾಗದ ಕಳ್ಳ ನಕಲು ಮಾಡುವ ಉದ್ದೇಶದಿಂದ ರೆಕಾರ್ಡ್ ಮಾಡಿದರೆ ಕಡಿಮೆ ಎಂದರೆ ಮೂರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು. ದಂಡ ಕಡಿಮೆ ಎಂದರೆ 3 ಲಕ್ಷ, ಅದು ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೂ ಹೋಗಬಹುದು. ಹತ್ತು ಕೋಟಿಯ ಚಿತ್ರಕ್ಕೆ ಐವತ್ತು ಲಕ್ಷ! ಮೊದಲ ದಿನ ಹೀರೋ ಎಂಟ್ರಿಗೆ ಇಡೀ ಥಿಯೇಟರಿನಲ್ಲಿ ಇನ್ನೂರು ಫೋನು ಮೇಲೇಳುತ್ತವೆ, ನನಗೂ ಗೊತ್ತು. ಇನ್ನೂರರಲ್ಲಿ ಯಾರನ್ನು ಹಿಡಿಯುತ್ತಾರೆ ಎಂದು ಕೇಳಬೇಡ. ಹಿಡಿದಾಗ ಒಬ್ಬನನ್ನೇ ಹಿಡಿಯುವುದು, ಅವನು ತನ್ನ ಹೆಸರಿನ ಚಾನೆಲ್ಲಿಗೆ ಹಾಕಿಕೊಂಡವನೇ ಆಗಿರುತ್ತಾನೆ. ಅಲ್ಲದೆ ಮಾರಾಯ, ಸಾಲಾಗಿ ಎದ್ದ ಫೋನುಗಳ ಹಿಂದೆ ಗಾಂಧಿ ಕ್ಲಾಸಿನಲ್ಲಿ ಕೂತ ನನ್ನಂಥವನಿಗೆ ಹೀರೋ ಮುಖವೇ ಕಾಣುವುದಿಲ್ಲ. ಅದು ಯಾವ ಕಾಯ್ದೆಯಲ್ಲೂ ಬರೆಯದ ಅಪರಾಧ.

ಟೆಲಿಗ್ರಾಂನಿಂದ ಇಳಿಸಿದ ಎರಡು. ಅವು ಕದ್ದ ಮಾಲು ಎಂದು ನಿನಗೂ ಗೊತ್ತು, ಅದಕ್ಕೇ ಬರೆಯುವಾಗ ಅಕ್ಷರ ಸಣ್ಣದಾಗಿದೆ. ಬಿಡುಗಡೆಯಾದ ವಾರದಲ್ಲೇ ಆ ಗುಂಪುಗಳಲ್ಲಿ ಚಿತ್ರ ಓಡಾಡಿ, ಎರಡನೇ ವಾರ ಥಿಯೇಟರ್ ಖಾಲಿ ಹೊಡೆದು ಮನೆ ಮಾರಿಕೊಂಡ ಸಣ್ಣ ನಿರ್ಮಾಪಕರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಭಿಮಾನದ ವಿಡಿಯೋಗೆ ಅಂಥ ಕಡೆಯಿಂದ ಸಾಮಾನು ತಂದರೆ ನನ್ನದು ಅಭಿಮಾನ ಎಂದು ಹೇಳಿಕೊಳ್ಳುವ ಬಾಯಿ ನಿನಗೆ ಎಲ್ಲಿ ಉಳಿಯುತ್ತದೆ? ಇದನ್ನೇ ದಂಧೆ ಮಾಡಿಕೊಂಡವರಿಗೆ ನಮ್ಮ ರಾಜ್ಯದಲ್ಲಿ ಗೂಂಡಾ ಕಾಯ್ದೆಯೇ ಇದೆ. ಆ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ವಿಡಿಯೋ, ಆಡಿಯೋ ಪೈರೇಟುಗಳ ಪ್ರಸ್ತಾಪ ಬರುತ್ತದೆ. ನೀನು ಆ ಜಾತಿಯಲ್ಲ. ಆದರೆ ಅವರ ಅಂಗಡಿಗೆ ಯಾಕೆ ಹೋಗುತ್ತೀ?

ಓಟಿಟಿಯಿಂದ ತೆಗೆದ ಎರಡರ ವಿಷಯ ಸ್ವಲ್ಪ ಸೂಕ್ಷ್ಮ. ದುಡ್ಡು ಕೊಟ್ಟಿದ್ದೇನಲ್ಲ, ನನ್ನದೇ ಖಾತೆ ಎಂದು ನೀನು ಹೇಳಬಹುದು. ನೀನು ದುಡ್ಡು ಕೊಟ್ಟದ್ದು ನೋಡಲಿಕ್ಕೆ, ನಕಲು ತೆಗೆಯಲಿಕ್ಕೆ ಅಲ್ಲ. ರೆಕಾರ್ಡ್ ಮಾಡಲು ಹೋದರೆ ಪರದೆ ಕಪ್ಪಾಗುತ್ತದೆ ನೋಡು, ಅದು ಬೀಗ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಬೀಗ ಮುರಿಯುವ ಆ್ಯಪ್ ಯಾವುದು ಎಂದು ಇನ್ನೂ ಮೂವರು ಓದುಗರು ಬರೆದು ಕೇಳಿದ್ದಾರೆ. ಅವರಿಗೂ ಇದೇ ಉತ್ತರ.

ಉಳಿದ ಒಂಬತ್ತು, ಟ್ರೈಲರು ಮತ್ತು ಹಾಡುಗಳದ್ದು. ಪ್ರಚಾರಕ್ಕೆಂದೇ ಬಿಟ್ಟದ್ದಲ್ಲವೇ, ಎಲ್ಲರಿಗೂ ಫ್ರೀ ಅಲ್ಲವೇ? ಗೋಡೆಗೆ ಅಂಟಿಸಿದ ಪೋಸ್ಟರು ನೋಡಲು ಎಲ್ಲರಿಗೂ ಫ್ರೀ. ಕಿತ್ತುಕೊಂಡು ಹೋಗಿ ನಿನ್ನ ಅಂಗಡಿ ಮುಂದೆ ಹಾಕಿಕೊಂಡರೆ? ಕಾನೂನಿನ ಪ್ರಕಾರ ಟ್ರೈಲರೂ ಸಿನಿಮಾ ತುಣುಕೇ. ಆದರೂ ಈ ಒಂಬತ್ತಕ್ಕೆ ನಿನಗೆ ಜೈಲು ನೋಟಿಸು ಬರುವ ಸಂಭವ ಕಡಿಮೆ ಎಂದು ವಕೀಲ ಮಿತ್ರರು ನಕ್ಕರು. ಹೆಚ್ಚಾಗಿ ಯೂಟ್ಯೂಬಿನ ಯಂತ್ರವೇ ಗುರುತು ಹಿಡಿದು, ಬರುವ ಜಾಹೀರಾತಿನ ದುಡ್ಡನ್ನು ಒಡೆಯರಿಗೆ ಕೊಟ್ಟು, ವಿಡಿಯೋ ಹಾಗೇ ಬಿಟ್ಟುಬಿಡುತ್ತದೆ. ಅದಕ್ಕೆ ಕ್ಲೇಮ್ ಅನ್ನುತ್ತಾರೆ. ಸ್ಟ್ರೈಕ್ ಬೇರೆ. ಸ್ಟ್ರೈಕ್ ಎಂದರೆ ಒಡೆಯರೇ ದೂರು ಕೊಟ್ಟು ತೆಗೆಸಿದ್ದು. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ ಹೋಗುತ್ತದೆ. ನಿನಗೆ ಆದದ್ದು ಇದೇ.

ಇಲ್ಲಿ ನಮ್ಮ ಗಾಂಧಿನಗರದವರಿಗೂ ಎರಡು ಮಾತು ಹೇಳದೆ ಬಿಡಲಾರೆ. ಚಿತ್ರ ಬಿಡುಗಡೆಗೆ ಮುಂಚೆ ಅಭಿಮಾನಿಗಳ ವಿಡಿಯೋ ಎಂದರೆ ಇವರಿಗೆ ಪ್ರಾಣ. 'ನಮ್ಮ ಫ್ಯಾನ್ಸ್ ಮಾಡಿದ್ದು ನೋಡಿ' ಎಂದು ಅಧಿಕೃತ ಪುಟದಲ್ಲೇ ಹಾಕಿಕೊಳ್ಳುತ್ತಾರೆ. ಪ್ರಚಾರದ ಖರ್ಚು ಉಳಿಯಿತಲ್ಲ! ಐವತ್ತು ದಿನ ಕಳೆದ ಮೇಲೆ ಹಕ್ಕೆಲ್ಲ ಬೇರೆ ಬೇರೆ ಕಂಪನಿಗೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಕೊಂಡವನಿಗೆ ನಿನ್ನ ಮುಖ ಪರಿಚಯವಿಲ್ಲ, ಅವನು ಸ್ಟ್ರೈಕ್ ಹಾಕುತ್ತಾನೆ. ಮೊನ್ನೆ ಬೆನ್ನು ತಟ್ಟಿದ್ದ ಹುಡುಗನೇ ಇಂದು ಪೈರೇಟ್! ಅಷ್ಟೊಂದು ಅಭಿಮಾನ ಬೇಕಿದ್ದರೆ, ಚಿತ್ರದ ಜತೆಗೇ ಒಂದು ಇಪ್ಪತ್ತು ತುಣುಕು ಆರಿಸಿ, 'ಇವನ್ನು ಬಳಸಿಕೊಳ್ಳಿ, ದುಡ್ಡು ಮಾಡಬೇಡಿ' ಎಂದು ಬರವಣಿಗೆಯಲ್ಲಿ ಹೇಳಿ ಬಿಡಲು ಏನು ಕಷ್ಟ? ಟ್ರೈಲರ್ ಕಟ್ ಮಾಡುವ ಹುಡುಗನಿಗೆ ಅರ್ಧ ದಿನದ ಕೆಲಸ.

ಕಾನೂನೂ ಇನ್ನಷ್ಟು ಉದಾರವಾಗಬಹುದಿತ್ತು. ಅಮೆರಿಕದಲ್ಲಿ ಡಿವಿಡಿಯ ಬೀಗ ಮುರಿಯುವುದು ಅಪರಾಧವೇ. ಆದರೆ ಆ ಕ್ಯಾಂಡಿ ಫಾಂಗ್‌ಳ ಪರಂಪರೆಯ ಅಭಿಮಾನಿಗಳು ಸುಮ್ಮನಿರಲಿಲ್ಲ. ಸಂಘ ಕಟ್ಟಿಕೊಂಡು ಅಧಿಕಾರಿಗಳ ಮುಂದೆ ಹೋಗಿ, ತಮ್ಮ ವಿಡಿಯೋಗಳನ್ನು ತೋರಿಸಿ ವಾದ ಮಾಡಿದರು. 2010ರಲ್ಲಿ ಅವರಿಗೆ ವಿನಾಯಿತಿ ಸಿಕ್ಕಿತು: ಲಾಭಕ್ಕಲ್ಲದ ವಿಡಿಯೋ ಆಗಿರಬೇಕು, ತೆಗೆಯುವ ಭಾಗ ಚಿಕ್ಕದಿರಬೇಕು, ಮೂಲದ ಬಗ್ಗೆ ಏನಾದರೂ ಟೀಕೆ ಟಿಪ್ಪಣಿ ಇರಬೇಕು. ಮೂರು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಹೋಗಿ ಕೇಳುತ್ತಾರೆ. ನಮ್ಮಲ್ಲಿ ಅಭಿಮಾನಿ ಸಂಘಗಳಿಗೆ ಬರವೇ? ಕಟೌಟಿಗೆ ಹಾಲೆರೆಯಲು ಸಾವಿರ ಲೀಟರ್ ಹೊಂದಿಸುವವರು ಒಂದು ಅರ್ಜಿ ಬರೆದು ದೆಹಲಿಗೆ ಕಳಿಸಿದ್ದನ್ನು ನಾನಂತೂ ನೋಡಿಲ್ಲ.

ಅದಾಗುವವರೆಗೆ ನಿನ್ನ ಹುಚ್ಚಿಗೆ ಏನು ದಾರಿ? ಇನ್‌ಸ್ಟಾಗ್ರಾಂ, ಯೂಟ್ಯೂಬ್ ಶಾರ್ಟ್ಸ್ ಒಳಗೇ ಹಾಡಿನ ಪಟ್ಟಿ ಇದೆ, ರೀಮಿಕ್ಸ್ ಬಟನ್ ಇದೆ. ಕಂಪನಿಗಳ ಜತೆ ಅವರು ಒಪ್ಪಂದ ಮಾಡಿಕೊಂಡು ಇಟ್ಟದ್ದು. ಅದರಲ್ಲೇ ಮಾಡಿ ಅಲ್ಲೇ ಹಾಕಿದರೆ ತಕರಾರು ಕಡಿಮೆ. ಅಲ್ಲಿಂದ ಇಳಿಸಿ ಇನ್ನೊಂದು ಕಡೆ ಹಾಕಿದರೆ ಆ ಒಪ್ಪಂದ ಜತೆಗೆ ಬರುವುದಿಲ್ಲ. ಇನ್ನೊಂದು ದಾರಿ, ಕೇಳುವುದು. ನಿರ್ಮಾಣ ಸಂಸ್ಥೆಯ ಇಮೇಲಿಗೆ ನಾಲ್ಕು ಸಾಲು ಬರೆ: ಇಂಥ ಚಿತ್ರದ ಇಂಥ ದೃಶ್ಯ, ಇಷ್ಟು ಸೆಕೆಂಡು, ದುಡ್ಡು ಮಾಡುವುದಿಲ್ಲ. ಹತ್ತಕ್ಕೆ ಎಂಟು ಜನ ಉತ್ತರ ಬರೆಯಲಿಕ್ಕಿಲ್ಲ. ಬರೆದ ಇಬ್ಬರ ಉತ್ತರ ಬಂಗಾರ, ಜೋಪಾನವಾಗಿ ಇಟ್ಟುಕೋ.

ಹಳೆಯ ಚಿತ್ರಗಳದೂ ಒಂದು ದಾರಿ ಇದೆ, ಅದರಲ್ಲಿ ಒಂದು ಗುಂಡಿಯೂ ಇದೆ. ಚಿತ್ರ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಅದರ ಹಕ್ಕು. ಆಮೇಲೆ ಅದು ಊರವರ ಆಸ್ತಿ. 1960ರ 'ರಣಧೀರ ಕಂಠೀರವ'ದ ಹಕ್ಕಿನ ಕಾಲ 2020ಕ್ಕೆ ಮುಗಿಯಿತು. 1964ರ 'ನಾಂದಿ'ಯದು 2024ಕ್ಕೆ. ಅಣ್ಣಾವ್ರ ಆ ಕಾಲದ ಮುಖ ಬೇಕಾದವರಿಗೆ ಇದು ಹಬ್ಬ! ಗುಂಡಿ ಎಲ್ಲಿದೆ ಎಂದರೆ, ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಚಿತ್ರದ ವಯಸ್ಸಿನಿಂದ ಎಣಿಸುವುದಲ್ಲ. ಬರೆದವರು, ರಾಗ ಹಾಕಿದವರು ತೀರಿಕೊಂಡ ಮೇಲೆ 60 ವರ್ಷ. 'ನಾಂದಿ'ಗೆ ಹಾಡು ಬರೆದ ಆರ್.ಎನ್. ಜಯಗೋಪಾಲ್ ತೀರಿಕೊಂಡದ್ದು 2008ರಲ್ಲಿ. ಅಂದರೆ ಅವರ ಸಾಲುಗಳ ಹಕ್ಕು 2068ರ ಕೊನೆಯವರೆಗೆ ಇರುತ್ತದೆ. ದೃಶ್ಯ ಬಿಟ್ಟಿ, ಹಾಡಿಗೆ ಅಪ್ಪಣೆ ಬೇಕು. ಇನ್ನು ಯಾರೋ ಲಕ್ಷಾಂತರ ಖರ್ಚು ಮಾಡಿ ಬಣ್ಣ ಹಚ್ಚಿದ ಹೊಸ ಪ್ರತಿಯಿಂದ ಎತ್ತಿದರೆ ಅವರೂ ಬಂದು ಕೈ ಹಿಡಿಯಬಹುದು. ಹಳೆಯ ಕಪ್ಪು ಬಿಳುಪು ಪ್ರತಿಯನ್ನೇ ಹುಡುಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ನಿನ್ನ ಜೇಬಿನಲ್ಲೇ ಇದೆ. ಫೋನು ಎತ್ತುವುದಾದರೆ ಪರದೆ ಕಡೆಗೆ ಎತ್ತಬೇಡ, ಥಿಯೇಟರಿನ ಹೊರಗೆ ಎತ್ತು. ಬೆಳಗಿನ ನಾಲ್ಕು ಗಂಟೆಯ ಸಾಲು. ಕಟೌಟಿಗೆ ಹಾರ ಏರಿಸಲು ಬೊಂಬಿನ ಮೇಲೆ ಹತ್ತಿದ ಹುಡುಗ. ತಮಟೆ. ಕುಂಬಳಕಾಯಿ ಒಡೆದು ಕೈ ತೊಳೆಯಲು ನೀರು ಹುಡುಕುವ ಸಂಘದ ಅಧ್ಯಕ್ಷ. ಟಿಕೆಟ್ ಸಿಗದೆ ಗೇಟಿಗೆ ಒರಗಿ ಒಳಗಿನ ಶಿಳ್ಳೆ ಕೇಳುತ್ತ ನಿಂತವನ ಮುಖ. ಇದೆಲ್ಲದರ ಹಕ್ಕು ತೆಗೆದವನದೇ, ನಿನ್ನದೇ. ಯಾವ ಕಂಪನಿಯೂ ಸ್ಟ್ರೈಕ್ ಹಾಕಲಾರದು. ಹಾಡೊಂದನ್ನು ಮಾತ್ರ ಆ್ಯಪಿನ ಪಟ್ಟಿಯಿಂದ ಹಾಕಿಕೋ, ಇಲ್ಲವೇ ನಿಮ್ಮೂರ ಆರ್ಕೆಸ್ಟ್ರಾ ಹುಡುಗರ ಕೈಲಿ ಹೊಸದೊಂದು ಹಾಡಿಸಿಕೋ.

ಇನ್ನು ಆ ಫೋನು. ದುಡ್ಡು ಹಾಕಬೇಡ! ಸಂಜೆಯೊಳಗೆ ಹಾಕು ಎಂದು ಕೇಳುವುದು ಹಕ್ಕುದಾರರ ರೀತಿಯಲ್ಲ. ನಿಜವಾದ ಕಂಪನಿಯವರಾದರೆ ವಕೀಲರ ನೋಟಿಸು ಬರುತ್ತದೆ, ಅದರಲ್ಲಿ ಚಿತ್ರದ ಹೆಸರು, ಹಕ್ಕು ಅವರಿಗೆ ಹೇಗೆ ಬಂತು ಎಂಬುದು ಇರುತ್ತದೆ. 'ಬರವಣಿಗೆಯಲ್ಲಿ ಕಳಿಸಿ ಸಾರ್' ಎಂದಷ್ಟೇ ಹೇಳು. ಮತ್ತೆ ಹೆದರಿಸಿದರೆ ನಂಬರು ಬರೆದಿಟ್ಟುಕೊಂಡು ಠಾಣೆಗೆ ಹೋಗು. ಈಗಾಗಲೇ ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡು, ಅದು ಸೈಬರ್ ವಂಚನೆಯ ಸಹಾಯವಾಣಿ.

ನಿಜವಾದ ನೋಟಿಸು ಬಂದರೆ ಮಾತ್ರ ಉಡಾಫೆ ಬೇಡ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ವಾರಂಟಿಲ್ಲದೆ ಹಿಡಿಯಬಹುದಾದ, ಜಾಮೀನನ್ನು ಹಕ್ಕೆಂದು ಕೇಳಲಾಗದ ಅಪರಾಧ ಇದು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀನು ಕೇಳಿದ 'ಒಂದು ಪೈಸೆ ಮಾಡಿಲ್ಲ' ಎಂಬ ಮಾತಿಗೆ ಬೆಲೆ ಸಿಗುವುದು ಇಲ್ಲಿ: ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಎಂದಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆದು ಶಿಕ್ಷೆ ಇಳಿಸಬಹುದು. ತಪ್ಪೇ ಇಲ್ಲ ಎಂದಾಗುವುದಿಲ್ಲ, ಶಿಕ್ಷೆ ಹಗುರವಾಗಬಹುದು. ವಕೀಲರಿಗೆ ದುಡ್ಡಿಲ್ಲ ಎಂದರೆ ತುಮಕೂರು ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳು. ಮೊದಲು ಅಪ್ಪನಿಗೆ ಹೇಳು. ಬೈಯುತ್ತಾರೆ, ಆಮೇಲೆ ನಿನ್ನ ಜತೆ ಅವರೇ ಬರುತ್ತಾರೆ.

ಚಾನೆಲ್ ವಾಪಸ್ ಪಡೆಯಲು ಪ್ರತಿ ನೋಟಿಸು ಕೊಡು ಎಂದು ಸ್ನೇಹಿತರು ಹೇಳಿದ್ದಾರಂತೆ. ಬೇಡ. ತಪ್ಪು ತಿಳಿದು ತೆಗೆದಿದ್ದಾರೆ ಎಂದು ಪ್ರಮಾಣ ಮಾಡಿ ಹೇಳುವ ಕಾಗದ ಅದು, ನಿನ್ನ ವಿಷಯದಲ್ಲಿ ಅದು ಸುಳ್ಳಾಗುತ್ತದೆ. ಅದರ ಬದಲು ಸ್ಟ್ರೈಕ್ ಹಾಕಿದ ಮೂವರಿಗೂ ಬರೆದು, ಹೀಗೆ ಹೀಗೆ ಆಯಿತು, ವಿಡಿಯೋ ಮತ್ತೆ ಹಾಕುವುದಿಲ್ಲ, ಸ್ಟ್ರೈಕ್ ಹಿಂತೆಗೆದುಕೊಳ್ಳಿ ಎಂದು ಕೇಳು. ಒಬ್ಬರು ಹಿಂತೆಗೆದರೂ ಲೆಕ್ಕ ಎರಡಕ್ಕೆ ಇಳಿಯುತ್ತದೆ, ಚಾನೆಲ್ ಕೇಳಲು ದಾರಿಯಾಗುತ್ತದೆ.

ಕಡೆಯಲ್ಲಿ ಕೇಳಿದ್ದೀಯ, ಹುಟ್ಟುಹಬ್ಬದ ಆ ವಿಡಿಯೋ ಇನ್ನೂ ಫೋನಿನಲ್ಲಿದೆ, ಏನು ಮಾಡಲಿ ಅಂತ. ಬೇರೆ ಎಲ್ಲಾದರೂ ಹಾಕಿದ್ದರೆ ಇವತ್ತೇ ತೆಗೆ. ಯಾರಿಗೂ ಕಳಿಸಬೇಡ, ನನಗೂ ಕಳಿಸಬೇಡ. ಬೆಂಗಳೂರಿಗೆ ಬಂದಾಗ ಪತ್ರಿಕೆಯ ಕಚೇರಿಗೆ ಬಾ. ಆ ಥಿಯೇಟರಿನ ತುಣುಕು, ಟೆಲಿಗ್ರಾಂ ತುಣುಕು ಕಿತ್ತುಹಾಕಿಕೊಂಡೇ ಬಾ. ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಉಳಿದದ್ದನ್ನು ನಿನ್ನ ಫೋನಿನಲ್ಲೇ ನೋಡುತ್ತೇನೆ.